ನಕ್ಷತ್ರದಿಂದ ಮೂತ್ರಪಿಂಡದವರೆಗೆ: ಡಾಪ್ಲರ್ ಪರೀಕ್ಷೆಯ ಚರಿತ್ರೆ

ಕ್ರಿ.ಶ. 1842ರಲ್ಲಿ ಯುರೋಪಿನ ಎರಡು ನಗರಗಳಲ್ಲಿ ಎರಡು ಪ್ರಬಂಧಗಳು ವಿದ್ವಾಂಸರ ಸಭೆಗಳ ಮುಂದೆ ಬಂದವು. ಲಂಡನ್ನಿನಲ್ಲಿ ವಿಲಿಯಂ ಬೋಮನ್ ಎಂಬ ಯುವ ಶಸ್ತ್ರವೈದ್ಯರು ಮೂತ್ರಪಿಂಡದ ಸೂಕ್ಷ್ಮ ರಚನೆಯನ್ನೂ ಅದರೊಳಗಿನ ರಕ್ತಸಂಚಾರವನ್ನೂ ವಿವರಿಸಿದರು. ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಎಂಬ ಪ್ರಾಧ್ಯಾಪಕರು ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ ತಮ್ಮ ವಿಚಾರವನ್ನು ಮಂಡಿಸಿದರು. ಒಂದು ಮನುಷ್ಯನ ಹೊಟ್ಟೆಯೊಳಗಿನ ವಿಷಯ, ಇನ್ನೊಂದು ಆಕಾಶದ ವಿಷಯ. ಇವೆರಡಕ್ಕೂ ಸಂಬಂಧವಿದೆ ಎಂದು ಅಂದು ಯಾರಾದರೂ ಹೇಳಿದ್ದರೆ ಕೇಳಿದವರು ನಗುತ್ತಿದ್ದರು. ಆದರೆ ಇಂದು ವೈದ್ಯರು ಬರೆದುಕೊಟ್ಟ 'ರೀನಲ್ ಡಾಪ್ಲರ್' ಎಂಬ ಚೀಟಿ ಹಿಡಿದು ತುಮಕೂರಿನ ಸ್ಕ್ಯಾನಿಂಗ್ ಕೇಂದ್ರದ ಬೆಂಚಿನ ಮೇಲೆ ಕುಳಿತಿರುವ ರೋಗಿಗೆ ಈ ಎರಡು ಪ್ರಬಂಧಗಳೂ ಒಟ್ಟಾಗಿ ಉಪಕಾರ ಮಾಡುತ್ತಿವೆ. ಅವು ಒಂದಾಗಲು ಸುಮಾರು 140 ವರ್ಷಗಳೇ ಬೇಕಾದವು.

ಆ ಪ್ರಯಾಣದ ಕಥೆಯನ್ನು ನಮ್ಮ ಸದಸ್ಯರಿಗೂ, ವಿಶೇಷವಾಗಿ ವಿದ್ಯಾರ್ಥಿಗಳಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ. ಯಂತ್ರ ಎಷ್ಟೇ ಮುಂದುವರಿದರೂ ಅದರ ಪ್ರಯೋಜನ ಎರಡು ಸಂಗತಿಗಳ ಮೇಲೆ ನಿಂತಿದೆ: ಅದನ್ನು ಹಿಡಿದ ಕೈಯ ತಿಳುವಳಿಕೆ ಮತ್ತು ರೋಗಿ ಸಕಾಲದಲ್ಲಿ ವೈದ್ಯರ ಬಳಿಗೆ ಬರುವುದು. ಇಡೀ ಚರಿತ್ರೆ ಈ ಮಾತನ್ನೇ ಸಾರುತ್ತದೆ.

ರಕ್ತದ ದಾರಿ ಮತ್ತು ಮೂತ್ರಪಿಂಡ

ರಕ್ತ ದೇಹದಲ್ಲಿ ಹೇಗೆ ಚಲಿಸುತ್ತದೆ ಎಂಬ ಪ್ರಶ್ನೆ ಬಹಳ ಹಳೆಯದು. ಗ್ರೀಕ್ ವೈದ್ಯ ಗ್ಯಾಲೆನ್ ಅವರ ಅಭಿಪ್ರಾಯವೇ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಪ್ರಮಾಣವಾಗಿತ್ತು. ಹೃದಯದ ಬಲಭಾಗದಿಂದ ಎಡಭಾಗಕ್ಕೆ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ರಕ್ತ ಹೋಗುತ್ತದೆ ಎಂದು ಅವರು ನಂಬಿದ್ದರು. ಕೈರೋ ನಗರದಲ್ಲಿ ವೈದ್ಯರಾಗಿದ್ದ ಇಬ್ನುನ್ನಫೀಸ್ (1213-1288) ಇದನ್ನು ಒಪ್ಪಲಿಲ್ಲ. ಇಬ್ನು ಸೀನಾ ಅವರ ವೈದ್ಯಗ್ರಂಥದ ಶರೀರರಚನಾ ಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ, ಆ ಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಸುತ್ತಿ ಬರುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು. ಅವರ ಈ ಬರಹದ ಹಸ್ತಪ್ರತಿ ಬರ್ಲಿನ್ನಿನ ಗ್ರಂಥಾಲಯದಲ್ಲಿ 1924ರಲ್ಲಿ ಈಜಿಪ್ಟಿನ ಒಬ್ಬ ವೈದ್ಯರ ಕಣ್ಣಿಗೆ ಬೀಳುವವರೆಗೆ ಆಧುನಿಕ ಲೋಕಕ್ಕೆ ಇದರ ಮಹತ್ವ ತಿಳಿದಿರಲಿಲ್ಲ. ಇಡೀ ದೇಹದ ರಕ್ತಪರಿಚಲನೆಯನ್ನು ಪ್ರಯೋಗಗಳ ಮೂಲಕ ಸಿದ್ಧಪಡಿಸಿದವರು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ.

ಮೂತ್ರಪಿಂಡದೊಳಗಿನ ಪುಟ್ಟ ಗುಂಡಗಿನ ರಚನೆಗಳನ್ನು ಇಟಲಿಯ ಮಾರ್ಸೆಲ್ಲೊ ಮಾಲ್ಪೀಗಿ 1666ರಲ್ಲಿ ಗುರುತಿಸಿದ್ದರು. ಬೋಮನ್ ಅವರು 1842ರಲ್ಲಿ ತೋರಿಸಿದ್ದು, ಈ ಗುಂಡುಗಳು ಅತಿ ಸಣ್ಣ ರಕ್ತನಾಳಗಳ ಉಂಡೆಗಳು, ಪ್ರತಿ ಉಂಡೆಯನ್ನೂ ಮೂತ್ರನಾಳಿಕೆಯ ತುದಿಯೊಂದು ಬಟ್ಟಲಿನಂತೆ ಸುತ್ತುವರಿದಿದೆ ಎಂಬುದನ್ನು. ರಕ್ತ ಇಲ್ಲಿಯೇ ಸೋಸಲ್ಪಡುತ್ತದೆ.

ನಮ್ಮ ಎರಡು ಮೂತ್ರಪಿಂಡಗಳು ಸೇರಿದರೂ ತೂಕ ಸುಮಾರು 300 ಗ್ರಾಂ ಮಾತ್ರ. ಆದರೆ ಹೃದಯ ಹೊರದೂಡುವ ರಕ್ತದ ಐದನೆಯ ಒಂದು ಭಾಗದಷ್ಟು, ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು, ಈ ಎರಡು ಅಂಗಗಳಿಗೆ ಹರಿಯುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೊರಬಂದು, ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ಸೇರಿ, ಕೊನೆಗೆ ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಉಳಿಯುತ್ತದೆ. ಇಷ್ಟು ದೊಡ್ಡ ಹರಿವು ಬೇಕಾದ ಅಂಗಕ್ಕೆ ರಕ್ತ ಕಡಿಮೆಯಾದರೆ ಏನಾಗುತ್ತದೆ? ಹೊರಗಿನಿಂದ ಏನೂ ಕಾಣುವುದಿಲ್ಲ, ನೋವೂ ಆಗುವುದಿಲ್ಲ. ಅದೇ ಈ ಕಾಯಿಲೆಯ ಅಪಾಯ.

ಪ್ರಾಗ್‌ನ ಪ್ರಾಧ್ಯಾಪಕ ಮತ್ತು ರೈಲಿನ ಕಹಳೆ

ಈಗ ಡಾಪ್ಲರ್ ಅವರ ಕಡೆಗೆ ಬರೋಣ. 1803ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ಕಲ್ಲುಕುಟಿಗರ ಮನೆತನದಲ್ಲಿ ಹುಟ್ಟಿದ ಅವರು ದುರ್ಬಲ ಶರೀರದ ಕಾರಣ ಮನೆಯ ಕಸುಬಿಗೆ ಹೋಗದೆ ವಿದ್ಯೆಯ ಕಡೆ ತಿರುಗಿದರು. 1842ರ ಮೇ 25ರಂದು ಅವರು ಹೇಳಿದ್ದರ ಸಾರಾಂಶ ಇಷ್ಟೆ: ಅಲೆಗಳನ್ನು ಹೊರಡಿಸುವ ವಸ್ತು ನಮ್ಮ ಕಡೆಗೆ ಬರುತ್ತಿದ್ದರೆ ಅಲೆಗಳು ಒತ್ತೊತ್ತಾಗಿ ನಮ್ಮನ್ನು ತಲುಪುತ್ತವೆ, ದೂರ ಹೋಗುತ್ತಿದ್ದರೆ ಬಿಡಿಬಿಡಿಯಾಗಿ ತಲುಪುತ್ತವೆ. ಇದೇ ಕಾರಣದಿಂದ ನಕ್ಷತ್ರಗಳ ಬಣ್ಣ ಬೇರೆಬೇರೆಯಾಗಿ ಕಾಣುತ್ತದೆ ಎಂದು ಅವರು ಭಾವಿಸಿದ್ದರು. ನಕ್ಷತ್ರದ ಬಣ್ಣದ ವಿವರಣೆ ಸರಿಯಾಗಿರಲಿಲ್ಲ, ಆದರೆ ತತ್ವ ಸರಿಯಾಗಿತ್ತು.

ಇದನ್ನು ಸುಳ್ಳೆಂದು ತೋರಿಸಲು ಹಾಲೆಂಡಿನ ಬಾಯ್ಸ್ ಬ್ಯಾಲೊಟ್ ಎಂಬ ವಿಜ್ಞಾನಿ 1845ರಲ್ಲಿ ಒಂದು ಪ್ರಯೋಗ ಮಾಡಿದರು. ಉಟ್ರೆಕ್ಟ್ ಬಳಿಯ ರೈಲುದಾರಿಯಲ್ಲಿ ತೆರೆದ ಬಂಡಿಯ ಮೇಲೆ ಕಹಳೆ ಊದುವವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನವಿದ್ದ ಸಂಗೀತಗಾರರನ್ನು ನಿಲ್ಲಿಸಿದರು. ರೈಲು ಹತ್ತಿರ ಬರುವಾಗ ಸ್ವರ ಏರಿತು, ದಾಟಿ ಹೋಗುವಾಗ ಇಳಿಯಿತು. ಅಲ್ಲಗಳೆಯಲು ಹೊರಟವರೇ ಡಾಪ್ಲರ್ ಅವರ ತತ್ವವನ್ನು ದೃಢಪಡಿಸಿದಂತಾಯಿತು. ಅಂದು ಬಳಸಿದ ಅಳತೆಯ ಸಾಧನ ಪಳಗಿದ ಮನುಷ್ಯನ ಕಿವಿ ಎಂಬುದನ್ನು ಓದುಗರು ಗಮನಿಸಬೇಕು.

ಈ ಪ್ರಯೋಗವನ್ನು ನಾವು ನಮ್ಮ ಊರಿನಲ್ಲೇ ಕೇಳಬಹುದು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು. ಆ ದಾರಿಯೇ ಮುಂದೆ ಗುಬ್ಬಿಯನ್ನು ದಾಟಿ ಅರಸೀಕೆರೆಯ ಕಡೆ ಸಾಗಿತು. ಗುಬ್ಬಿ ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿದ್ದು, ಅದರ ಹಾರ್ನು ಸೆಕೆಂಡಿಗೆ 400 ಕಂಪನಗಳ ಸ್ವರ ಹೊರಡಿಸುತ್ತದೆ ಎಂದಿಟ್ಟುಕೊಳ್ಳಿ. ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ರೈಲು ಬರುವಾಗ ಅದು 425 ಕಂಪನಗಳಾಗಿಯೂ, ಹೋಗುವಾಗ ಸುಮಾರು 378 ಕಂಪನಗಳಾಗಿಯೂ ಕೇಳಿಸುತ್ತದೆ. ಹಾರ್ಮೋನಿಯಂ ಬಲ್ಲವರ ಭಾಷೆಯಲ್ಲಿ ಹೇಳುವುದಾದರೆ ಇದು ಹೆಚ್ಚುಕಡಿಮೆ 'ಸ'ದಿಂದ 'ರಿ'ಗೆ ಇರುವ ಅಂತರ. ಅದೇ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರಿಂದ ನಾಡಿನಲ್ಲೆಲ್ಲ ಹೆಸರಾದ ಗುಬ್ಬಿ ನಾಟಕ ಕಂಪನಿಯ ಊರಿನವರಿಗೆ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಾಪ್ಲರ್ ಅವರು ಶ್ವಾಸಕೋಶದ ಕಾಯಿಲೆಯಿಂದ 1853ರಲ್ಲಿ, ತಮ್ಮ 49ನೆಯ ವಯಸ್ಸಿನಲ್ಲಿ, ವೆನಿಸ್ ನಗರದಲ್ಲಿ ತೀರಿಕೊಂಡರು. ತಮ್ಮ ಹೆಸರು ಮುಂದೊಂದು ದಿನ ಆಸ್ಪತ್ರೆಯ ಚೀಟಿಯ ಮೇಲೆ ಬರುತ್ತದೆಂದು ಅವರಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ.

ಕಿವಿಗೆ ಕೇಳದ ಧ್ವನಿ

ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಮಾತ್ರ ಕೇಳಬಲ್ಲದು. ಅದಕ್ಕಿಂತ ಮೇಲಿನದು ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ವಿದ್ಯುತ್ ಕೊಟ್ಟರೆ ಅದೇ ಹರಳು ಕಂಪಿಸಿ ಧ್ವನಿ ಹೊರಡಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಿನ್ ಇದನ್ನೇ ಬಳಸಿ ನೀರಿನಡಿಯ ಜಲಾಂತರ್ಗಾಮಿಗಳನ್ನು ಪ್ರತಿಧ್ವನಿಯಿಂದ ಪತ್ತೆ ಹಚ್ಚಲು ಶ್ರಮಿಸಿದರು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪುಟವಿದೆ. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸರ್ ಸಿ.ವಿ. ರಾಮನ್ ಅವರು ಎನ್.ಎಸ್. ನಾಗೇಂದ್ರನಾಥ್ ಅವರೊಡನೆ ಸೇರಿ, ಶ್ರವಣಾತೀತ ಧ್ವನಿ ಹರಡಿರುವ ದ್ರವದ ಮೂಲಕ ಬೆಳಕು ಹಾಯ್ದಾಗ ಹೇಗೆ ಕವಲೊಡೆಯುತ್ತದೆ ಎಂಬುದನ್ನು 1935-36ರಲ್ಲಿ ಸರಣಿ ಪ್ರಬಂಧಗಳಲ್ಲಿ ವಿವರಿಸಿದರು. ಅದರ ಮೂರನೆಯ ಭಾಗದ ವಿಷಯವೇ ಡಾಪ್ಲರ್ ಪರಿಣಾಮ. ಅದು ವೈದ್ಯಕೀಯಕ್ಕಾಗಿ ಮಾಡಿದ ಕೆಲಸವಲ್ಲ. ಆದರೆ ಅಲ್ಟ್ರಾಸೌಂಡ್ ಮತ್ತು ಡಾಪ್ಲರ್ ಎಂಬ ಎರಡು ಮಾತುಗಳು ತುಮಕೂರಿನಿಂದ 70 ಕಿ.ಮೀ. ದೂರದಲ್ಲಿ ಒಂದೇ ಪ್ರಬಂಧದಲ್ಲಿ ಅಂದೇ ಸೇರಿದ್ದವು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ರೋಗಿಯ ದೇಹದ ಮೇಲೆ ಡಾಪ್ಲರ್ ತತ್ವವನ್ನು ಮೊದಲು ಪ್ರಯೋಗಿಸಿದವರಲ್ಲಿ ಜಪಾನಿನ ಒಸಾಕಾದ ಶಿಗೆಒ ಸಾತೊಮುರ ಪ್ರಮುಖರು. ಹೃದಯದ ಚಲನೆಯನ್ನು ಈ ವಿಧಾನದಿಂದ ಪರೀಕ್ಷಿಸುವ ಬಗ್ಗೆ ಅವರ ಪ್ರಬಂಧ 1957ರಲ್ಲಿ ಪ್ರಕಟವಾಯಿತು. ಮರುವರ್ಷ, 1958ರಲ್ಲಿ, ಗ್ಲಾಸ್ಗೊ ನಗರದ ಇಯಾನ್ ಡೊನಾಲ್ಡ್ ಅವರು ಹೊಟ್ಟೆಯೊಳಗಿನ ಗೆಡ್ಡೆಗಳನ್ನು ಅಲ್ಟ್ರಾಸೌಂಡಿನಿಂದ ನೋಡುವ ಬಗೆಯನ್ನು ಪ್ರಕಟಿಸಿದರು. 1961ರಲ್ಲಿ ಅಮೆರಿಕದ ಸಿಯಾಟಲ್ ನಗರದ ಡೀನ್ ಫ್ರಾಂಕ್ಲಿನ್ ಮತ್ತು ಸಂಗಡಿಗರು, ಹರಿಯುವ ರಕ್ತದಿಂದ ಹಿಂದಿರುಗುವ ಅಲ್ಟ್ರಾಸೌಂಡಿನ ಬದಲಾವಣೆಯಿಂದ ರಕ್ತದ ವೇಗವನ್ನು ಅಳೆಯಬಹುದೆಂದು ತೋರಿಸಿದರು. ರಕ್ತದ ಕೆಂಪುಕಣಗಳೇ ಇಲ್ಲಿ ರೈಲು. ಅವುಗಳಿಗೆ ಬಡಿದು ಬರುವ ಪ್ರತಿಧ್ವನಿಯೇ ಹಾರ್ನು. 1970ರ ಸುಮಾರಿಗೆ ಅದೇ ನಗರದ ಡೊನಾಲ್ಡ್ ಬೇಕರ್ ಮತ್ತಿತರರು ಬೇಕಾದ ಆಳದ ರಕ್ತನಾಳವನ್ನು ಮಾತ್ರ ಆರಿಸಿ ಕೇಳುವ ವಿಧಾನವನ್ನು ಬೆಳೆಸಿದರು. 1974ರ ವೇಳೆಗೆ ಚಿತ್ರ ಮತ್ತು ಡಾಪ್ಲರ್ ಎರಡೂ ಒಂದೇ ಯಂತ್ರದಲ್ಲಿ ಸೇರಿದವು. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಹರಿವಿಗೆ ಕೆಂಪು ಮತ್ತು ನೀಲಿ ಬಣ್ಣ ಕೊಟ್ಟರು. ಕೆಂಪು ಎಂದರೆ ಶುದ್ಧ ರಕ್ತ, ನೀಲಿ ಎಂದರೆ ಅಶುದ್ಧ ರಕ್ತ ಎಂದು ಹಲವರು ತಿಳಿದಿದ್ದಾರೆ, ಅದು ಹಾಗಲ್ಲ. ಸಾಮಾನ್ಯವಾಗಿ ಪ್ರೋಬಿನ ಕಡೆಗೆ ಬರುವ ಹರಿವಿಗೆ ಕೆಂಪು, ದೂರ ಹೋಗುವ ಹರಿವಿಗೆ ನೀಲಿ, ಅಷ್ಟೆ.

ಮೂತ್ರಪಿಂಡದ ಬಾಗಿಲಲ್ಲಿ

ಮೂತ್ರಪಿಂಡದ ರಕ್ತನಾಳಕ್ಕೂ ಬಿ.ಪಿ.ಗೂ ಇರುವ ನಂಟನ್ನು ಪ್ರಯೋಗದಿಂದ ತೋರಿಸಿದವರು ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್. 1934ರಲ್ಲಿ ಅವರು ನಾಯಿಗಳ ಮೂತ್ರಪಿಂಡದ ಧಮನಿಯನ್ನು ಸಣ್ಣ ಹಿಡಿಕೆಯಿಂದ ಬಿಗಿದಾಗ ಅವುಗಳ ರಕ್ತದೊತ್ತಡ ಏರಿತು. ರಕ್ತ ಕಡಿಮೆಯಾದ ಮೂತ್ರಪಿಂಡ, ಇಡೀ ದೇಹದಲ್ಲೇ ಒತ್ತಡ ಕಡಿಮೆಯಾಗಿದೆ ಎಂದು ಭಾವಿಸಿ ರೆನಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುತ್ತದೆ, ಅದರಿಂದ ಬಿ.ಪಿ. ಏರುತ್ತದೆ. ಕೆರೆಯ ತೂಬು ಕಟ್ಟಿಕೊಂಡಾಗ ಗದ್ದೆಯವನು ಕೆರೆಯಲ್ಲೇ ನೀರಿಲ್ಲವೆಂದು ಕೂಗಿದ ಹಾಗೆ.

ಆದರೆ ಬದುಕಿರುವ ಮನುಷ್ಯನಲ್ಲಿ ಆ ಧಮನಿ ಕಿರಿದಾಗಿದೆಯೆಂದು ತಿಳಿಯುವುದು ಹೇಗೆ? 1929ರಲ್ಲಿ ಲಿಸ್ಬನ್ನಿನ ರೆನಾಲ್ಡೊ ಡಾಸ್ ಸಾಂಟೋಸ್ ಬೆನ್ನಿನಿಂದ ಸೂಜಿ ಚುಚ್ಚಿ ಮಹಾಧಮನಿಗೆ ಔಷಧ ಹಾಯಿಸಿ ಎಕ್ಸ್‌ರೇ ತೆಗೆದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಜರ್ ಇದಕ್ಕಿಂತ ಸುರಕ್ಷಿತವಾದ, ನಳಿಕೆ ತೂರಿಸುವ ದಾರಿ ತೋರಿಸಿದರು. ಇದೇ ಆಂಜಿಯೋಗ್ರಾಂ. ಚಿತ್ರ ಸ್ಪಷ್ಟ, ಆದರೆ ಅದಕ್ಕೆ ಬಳಸುವ ಔಷಧವೇ ದುರ್ಬಲ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಡಾಪ್ಲರ್ ಪರೀಕ್ಷೆಯಲ್ಲಿ ಚುಚ್ಚುವುದಿಲ್ಲ, ಎಕ್ಸ್‌ರೇ ಕಿರಣವಿಲ್ಲ, ಔಷಧವಿಲ್ಲ. ಕ್ರಿಯಾಟಿನಿನ್ ಏರಿರುವ ರೋಗಿಗೆ ಇದು ದೊಡ್ಡ ಅನುಕೂಲ.

ಅದರ ಲೆಕ್ಕ ಹೀಗಿದೆ. 30 ಲಕ್ಷ ಕಂಪನಗಳ ಅಲ್ಟ್ರಾಸೌಂಡನ್ನು ಧಮನಿಯ ಮೇಲೆ 60 ಡಿಗ್ರಿ ಕೋನದಲ್ಲಿ ಬಿಟ್ಟಾಗ, ರಕ್ತ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿದ್ದರೆ, ಮರಳಿ ಬರುವ ಧ್ವನಿಯಲ್ಲಿ ಸುಮಾರು 1,950 ಕಂಪನಗಳ ವ್ಯತ್ಯಾಸ ಬರುತ್ತದೆ. ಈ ವ್ಯತ್ಯಾಸ ನಮ್ಮ ಕಿವಿಗೆ ಕೇಳುವ ಮಿತಿಯೊಳಗೇ ಇರುವುದರಿಂದ ಯಂತ್ರದ ಸ್ಪೀಕರಿನಲ್ಲಿ 'ಹುಶ್, ಹುಶ್' ಎಂದು ಕೇಳಿಬರುತ್ತದೆ. ಕೋನ 90 ಡಿಗ್ರಿಯಾದರೆ ವ್ಯತ್ಯಾಸ ಸೊನ್ನೆ; ರಕ್ತ ಹರಿಯುತ್ತಿದ್ದರೂ ನಿಂತಂತೆ ತೋರುತ್ತದೆ. ಪ್ರೋಬ್ ಹಿಡಿದ ಕೈ ಎಷ್ಟು ಮುಖ್ಯವೆಂಬುದು ಇದರಿಂದಲೇ ತಿಳಿಯುತ್ತದೆ.

ವೈದ್ಯರು ಎರಡು ಜಾಗಗಳಲ್ಲಿ ನೋಡುತ್ತಾರೆ. ಮೊದಲನೆಯದು ಮುಖ್ಯ ಧಮನಿ. ಕಾಲುವೆ ಕಿರಿದಾದಲ್ಲಿ ನೀರು ರಭಸವಾಗುವಂತೆ ಇಲ್ಲಿಯೂ ವೇಗ ಏರುತ್ತದೆ. ಸೆಕೆಂಡಿಗೆ 180ರಿಂದ 200 ಸೆಂ.ಮೀ. ದಾಟಿದರೆ, ಅಥವಾ ಮಹಾಧಮನಿಯ ವೇಗದ ಮೂರೂವರೆ ಪಟ್ಟಿಗಿಂತ ಹೆಚ್ಚಾದರೆ, ಧಮನಿ ಗಣನೀಯವಾಗಿ ಕಿರಿದಾಗಿದೆ ಎಂಬ ಅನುಮಾನ ಬಲವಾಗುತ್ತದೆ. ಎರಡನೆಯದು ಮೂತ್ರಪಿಂಡದೊಳಗಿನ ಸಣ್ಣ ಕವಲುಗಳು. ಆರೋಗ್ಯವಂತ ಮೂತ್ರಪಿಂಡದಲ್ಲಿ ಹೃದಯ ವಿರಮಿಸುವ ಕ್ಷಣದಲ್ಲೂ ರಕ್ತ ಹರಿಯುತ್ತಲೇ ಇರುತ್ತದೆ. ಗರಿಷ್ಠ ವೇಗದಿಂದ ವಿರಾಮದ ಕೊನೆಯ ವೇಗವನ್ನು ಕಳೆದು, ಬಂದುದನ್ನು ಗರಿಷ್ಠ ವೇಗದಿಂದ ಭಾಗಿಸಿದರೆ 'ರೆಸಿಸ್ಟಿವ್ ಇಂಡೆಕ್ಸ್' ಅಥವಾ ಆರ್.ಐ. ದೊರೆಯುತ್ತದೆ. ಫ್ರಾನ್ಸಿನ ಪೂರ್ಸೆಲೊ ಅವರು 1974ರಲ್ಲಿ ಇದನ್ನು ಮುಂದಿಟ್ಟರು. ಗರಿಷ್ಠ 50 ಸೆಂ.ಮೀ., ಕೊನೆಗೆ 20 ಸೆಂ.ಮೀ. ಇದ್ದರೆ ಆರ್.ಐ. 0.6, ಇದು ಸಹಜ. ಕೊನೆಯ ವೇಗ 10ಕ್ಕೆ ಇಳಿದರೆ ಆರ್.ಐ. 0.8, ಇದು ಹೆಚ್ಚು. ವಯಸ್ಕರಲ್ಲಿ ಸಾಮಾನ್ಯವಾಗಿ 0.7ನ್ನು ಮೇಲ್ಮಿತಿಯೆಂದು ಹಿಡಿಯುತ್ತಾರೆ.

ಅಂಕಿ ಕಲಿಸಿದ ಪಾಠ

ಕಿರಿದಾದ ಧಮನಿ ಕಂಡಿತೆಂದರೆ ಅದನ್ನು ಹಿಗ್ಗಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. 1978ರಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಬಲೂನಿನಿಂದ ಮೂತ್ರಪಿಂಡದ ಧಮನಿಯನ್ನು ಹಿಗ್ಗಿಸಿದ ವರದಿ ಪ್ರಕಟವಾದ ಮೇಲೆ ಈ ಚಿಕಿತ್ಸೆ, ನಂತರ ಸ್ಟೆಂಟ್, ಲೋಕದಲ್ಲೆಲ್ಲ ಹರಡಿತು. ಆದರೆ 806 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ 'ಆಸ್ಟ್ರಲ್' ಅಧ್ಯಯನವೂ, 900ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡು 2014ರಲ್ಲಿ ಪ್ರಕಟವಾದ 'ಕೋರಲ್' ಅಧ್ಯಯನವೂ, ಕೊಬ್ಬು ಕಟ್ಟಿ ಧಮನಿ ಕಿರಿದಾದ ಬಹುತೇಕರಲ್ಲಿ ಸ್ಟೆಂಟ್ ಹಾಕಿದ್ದರಿಂದ ಒಳ್ಳೆಯ ಔಷಧೋಪಚಾರಕ್ಕಿಂತ ಹೆಚ್ಚಿನ ಲಾಭವಾಗಲಿಲ್ಲವೆಂದು ತೋರಿಸಿದವು. ಬಿ.ಪಿ. ಯಾವ ಔಷಧಕ್ಕೂ ಬಗ್ಗದವರು, ಪದೇ ಪದೇ ಶ್ವಾಸಕೋಶದಲ್ಲಿ ನೀರು ತುಂಬುವವರು, ಧಮನಿಯ ಬೇರೆ ಬಗೆಯ ಕಾಯಿಲೆಯಿರುವ ಎಳೆಯ ವಯಸ್ಸಿನವರು, ಇಂಥ ಆಯ್ದ ರೋಗಿಗಳಿಗೆ ಆ ಚಿಕಿತ್ಸೆಯ ಅಗತ್ಯ ಇಂದಿಗೂ ಇದೆ. ಉಳಿದವರಿಗೆ ಮಾತ್ರೆ, ಪಥ್ಯ, ಬೀಡಿ ಸಿಗರೇಟು ಬಿಡುವುದು ಇವೇ ಮುಖ್ಯ.

ಕಿಡ್ನಿ ಕಸಿಯಲ್ಲೂ ಇಂಥದೇ ಅನುಭವವಾಯಿತು. ನಮ್ಮ ದೇಶದಲ್ಲಿ ಕಿಡ್ನಿ ಕಸಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ 1971ರಲ್ಲಿ ಯಶಸ್ವಿಯಾಯಿತು. ಕಸಿಯಾದ ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ಹಾಸಿಗೆಯ ಪಕ್ಕದಲ್ಲೇ ನೋಡಲು ಡಾಪ್ಲರ್ ಬಹು ಉಪಯುಕ್ತ. ಆರ್.ಐ. 0.8 ಅಥವಾ ಹೆಚ್ಚಿದ್ದರೆ ಕಸಿಯ ಭವಿಷ್ಯ ಕೆಟ್ಟದ್ದೆಂದು 2003ರಲ್ಲಿ ಜರ್ಮನಿಯ ಒಂದು ಅಧ್ಯಯನ ಹೇಳಿತು. 2013ರಲ್ಲಿ ಬೆಲ್ಜಿಯಂನ ಅಧ್ಯಯನವೊಂದು, ಆ ಅಂಕಿ ಹೆಚ್ಚಾಗಿ ತೋರಿಸುವುದು ಕಸಿಯಾದ ಮೂತ್ರಪಿಂಡದ ಸ್ಥಿತಿಯನ್ನಲ್ಲ, ಅದನ್ನು ಪಡೆದವರ ವಯಸ್ಸು ಮತ್ತು ರಕ್ತನಾಳಗಳ ಸ್ಥಿತಿಯನ್ನು ಎಂದು ತಿಳಿಸಿತು. ಆದ್ದರಿಂದ ರಿಪೋರ್ಟಿನಲ್ಲಿ 0.75 ಎಂದು ಕಂಡ ಕೂಡಲೇ ಗಾಬರಿಯಾಗಬಾರದು, 0.6 ಎಂದು ಕಂಡು ನಿಶ್ಚಿಂತೆಯಾಗಲೂಬಾರದು. ಅಂಕಿಯನ್ನು ರೋಗಿಯೊಡನೆ ಇಟ್ಟು ಓದಬೇಕು.

ತುಮಕೂರು, ಗುಬ್ಬಿ, ಕುಣಿಗಲ್

ಒಂದು ಕಾಲಕ್ಕೆ ನಮ್ಮ ಜಿಲ್ಲೆಯ ರೋಗಿಗಳಿಗೆ ದೊಡ್ಡ ಪರೀಕ್ಷೆ ಎಂದರೆ ಬೆಂಗಳೂರು ಎಂದೇ ಅರ್ಥ. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯೇ ಬಡವರ ಆಸರೆ. 1988ರಲ್ಲಿ ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಆರಂಭವಾಯಿತು. 1990ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿಪ್ರೊ-ಜಿಇ ಸಂಸ್ಥೆ ಅಲ್ಟ್ರಾಸೌಂಡ್ ಯಂತ್ರಗಳನ್ನು ಇಲ್ಲಿಯೇ ತಯಾರಿಸತೊಡಗಿತು. ಯಂತ್ರ ಹತ್ತಿರ ಬಂದಂತೆ ಅದರ ದುರುಪಯೋಗವೂ ಬಂತು. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಆದ ಕಾನೂನು 1996ರಲ್ಲಿ ಜಾರಿಗೆ ಬಂದು 2003ರಲ್ಲಿ ಬಿಗಿಯಾಯಿತು. ಮೂತ್ರಪಿಂಡ ನೋಡುವ ಯಂತ್ರವೂ ಭ್ರೂಣ ನೋಡುವ ಯಂತ್ರವೂ ಒಂದೇ ಆದ್ದರಿಂದ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಅರ್ಹ ವೈದ್ಯರೇ ಅದನ್ನು ನಡೆಸಬೇಕು. ಇದು ನ್ಯಾಯವಾದ ಕಟ್ಟುಪಾಡು.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೂ ಡಯಾಲಿಸಿಸ್ ಬಂದಿದೆ. ಇದು ಸಂತೋಷದ ವಿಷಯ. ಆದರೆ ಮೂತ್ರಪಿಂಡ ಕೈಕೊಟ್ಟ ಮೇಲಿನ ಚಿಕಿತ್ಸೆ ತಾಲ್ಲೂಕಿಗೆ ಬಂದಿದ್ದರೂ, ಕೈಕೊಡುವ ಮುನ್ನ ಎಚ್ಚರಿಸಬಲ್ಲ ಡಾಪ್ಲರ್ ತಜ್ಞರು ಹೆಚ್ಚಾಗಿ ನಗರಗಳಲ್ಲೇ ಇದ್ದಾರೆ. ಗುಬ್ಬಿಯವರು ಸುಮಾರು 20 ಕಿ.ಮೀ. ದೂರದ ತುಮಕೂರಿಗೆ, ಕುಣಿಗಲ್ಲಿನವರು ತುಮಕೂರಿಗೋ ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೋ ಹೋಗಬೇಕು. ಅದೂ ಖಾಲಿ ಹೊಟ್ಟೆಯಲ್ಲಿ, ಏಕೆಂದರೆ ಕರುಳಿನಲ್ಲಿ ಗಾಳಿ ತುಂಬಿದ್ದರೆ ಧಮನಿ ಕಾಣುವುದಿಲ್ಲ. ಅರ್ಧ ಗಂಟೆಗೂ ಮೀರಿದ ಪರೀಕ್ಷೆಯಲ್ಲಿ ಉಸಿರು ಹಿಡಿದು ಸಹಕರಿಸಬೇಕು. ಕೂಲಿಯವರಿಗೆ ಇದು ಒಂದು ದಿನದ ದುಡಿಮೆಯ ನಷ್ಟ.

ಆದ್ದರಿಂದ ಡಾಪ್ಲರ್ ಎಲ್ಲರಿಗೂ ಬೇಕೆಂದು ಯಾರೂ ಭಾವಿಸಬಾರದು. ಮೊದಲು ಬೇಕಾದುದು ಊರ ಹತ್ತಿರವೇ ಸಿಗುವ ಮೂರು ಅಗ್ಗದ ಪರೀಕ್ಷೆಗಳು: ಬಿ.ಪಿ. ನೋಡುವುದು, ಮೂತ್ರದಲ್ಲಿ ಆಲ್ಬುಮಿನ್ ನೋಡುವುದು, ರಕ್ತದಲ್ಲಿ ಕ್ರಿಯಾಟಿನಿನ್ ನೋಡುವುದು. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇರುವವರು ವರ್ಷಕ್ಕೊಮ್ಮೆಯಾದರೂ ಇವನ್ನು ಮಾಡಿಸಬೇಕು. ಸಣ್ಣ ವಯಸ್ಸಿನಲ್ಲೇ ಬಿ.ಪಿ. ಬಂದರೆ, ಮೂರು ಬಗೆಯ ಮಾತ್ರೆಗೂ ಇಳಿಯದಿದ್ದರೆ, ಕೆಲವು ಬಿ.ಪಿ. ಮಾತ್ರೆ ಆರಂಭಿಸಿದ ಮೇಲೆ ಕ್ರಿಯಾಟಿನಿನ್ ಏರಿದರೆ, ಅಥವಾ ಸ್ಕ್ಯಾನಿನಲ್ಲಿ ಒಂದು ಮೂತ್ರಪಿಂಡ ಇನ್ನೊಂದಕ್ಕಿಂತ ಚಿಕ್ಕದಾಗಿ ಕಂಡರೆ, ಆಗ ವೈದ್ಯರು ಡಾಪ್ಲರ್ ಬರೆಯುತ್ತಾರೆ. ಅಂಥ ಚೀಟಿಯನ್ನು ಮಡಿಚಿ ಪೆಟ್ಟಿಗೆಯಲ್ಲಿಡದೆ ಪರೀಕ್ಷೆ ಮಾಡಿಸುವುದು, ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗದಿರುವುದು ನಮ್ಮ ಕೈಯಲ್ಲೇ ಇದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಚರಿತ್ರೆಯಲ್ಲಿ ಕಲ್ಲುಕುಟಿಗರ ಮಗ ಇದ್ದಾರೆ, ಕಹಳೆ ಊದಿದವರಿದ್ದಾರೆ, ಬೆಂಗಳೂರಿನ ಭೌತವಿಜ್ಞಾನಿಗಳಿದ್ದಾರೆ, ಜಪಾನಿನ ಎಂಜಿನಿಯರುಗಳಿದ್ದಾರೆ. ಭೌತಶಾಸ್ತ್ರದ ಡಾಪ್ಲರ್ ಸೂತ್ರವನ್ನು ಕೇವಲ ಅಂಕಕ್ಕಾಗಿ ಬಾಯಿಪಾಠ ಮಾಡುವವರು ಅದು ತಮ್ಮ ಅಜ್ಜಿಯ ಮೂತ್ರಪಿಂಡವನ್ನು ಉಳಿಸಬಲ್ಲ ಸೂತ್ರ ಎಂದು ತಿಳಿದರೆ ಓದಿನ ರುಚಿಯೇ ಬೇರೆಯಾಗುತ್ತದೆ. ರೇಡಿಯಾಲಜಿ ಓದಿದ ವೈದ್ಯರು, ಇಮೇಜಿಂಗ್ ತಂತ್ರಜ್ಞರು, ಯಂತ್ರ ಕೆಟ್ಟರೆ ಸರಿಪಡಿಸುವ ಬಯೋಮೆಡಿಕಲ್ ಎಂಜಿನಿಯರುಗಳು, ಇವರೆಲ್ಲರೂ ತಾಲ್ಲೂಕುಗಳಿಗೆ ಬೇಕಾಗಿದ್ದಾರೆ. ಗುಬ್ಬಿಯ, ಕುಣಿಗಲ್ಲಿನ ಶಾಲೆಗಳಲ್ಲಿ ಇಂದು ಓದುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರು ಈ ವಿದ್ಯೆ ಕಲಿತು ತಮ್ಮ ಊರಿನ ಆಸ್ಪತ್ರೆಗೇ ಮರಳಿದರೆ, ಅಲ್ಲಿನ ರೋಗಿಗಳು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ.